ಕಣಕ್ಕೆ ಬೇಲಿ ಬೇಡವೆಂದ ಬಿ ಮೀಜೆ

ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಮ್ವೆಂಬೆನಿಯ ದಾರಿಯಲ್ಲಿ ಇನ್ನೂ ಮುಖಗಳು ಕಾಣುವುದಿಲ್ಲ, ಹೆಜ್ಜೆ ಸಪ್ಪಳವಷ್ಟೇ ಕೇಳುತ್ತದೆ. ಪೆಂಬಾ ದ್ವೀಪದ ಈ ಹಳ್ಳಿಯ ಲವಂಗದ ಕಣಕ್ಕೆ ಎಲ್ಲರಿಗಿಂತ ಮೊದಲು ಬರುವವರು ಬಿ ಮೀಜೆ. ಚಪ್ಪಲಿಯನ್ನು ಅಂಚಿನಲ್ಲೇ ಬಿಟ್ಟು, ಉಟ್ಟ ಕಾಂಗಾ ಬಟ್ಟೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತೆಂಗಿನ ಕಡ್ಡಿಯ ಪೊರಕೆಯಿಂದ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಗುಡಿಸುತ್ತಾರೆ. ಆಮೇಲೆ ಮಂಡಿಯೂರಿ ಕೆನ್ನೆಯನ್ನು ನೆಲಕ್ಕೆ ತಾಗಿಸುತ್ತಾರೆ. ಹೊಸಬರು ನೋಡಿದರೆ ಇನ್ನೊಂದು ನಮಾಜು ಅಂದುಕೊಂಡಾರು. ಅವರು ನೋಡುತ್ತಿರುವುದು ತೇವ.

"ಅಂಗೈಗೆ ಗೊತ್ತಾಗಲ್ಲ. ಅಂಗೈ ಕೆಲಸ ಮಾಡಿ ಮಾಡಿ ಸತ್ತು ಹೋಗಿರುತ್ತೆ. ಕೆನ್ನೆ ಸುಳ್ಳು ಹೇಳಲ್ಲ," ಎನ್ನುತ್ತಾರೆ.

ಬೆಳಕು ಹರಿಯುತ್ತಿದ್ದಂತೆ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬರತೊಡಗುತ್ತಾರೆ. ಹಿಂದಿನ ದಿನ ಕಿತ್ತು, ಮನೆ ಮಂದಿಯೆಲ್ಲ ಸುತ್ತ ಕೂತು ತೊಟ್ಟು ಬಿಡಿಸಿದ ಹಸಿ ಮೊಗ್ಗುಗಳು. ಚಿಕ್ಕವರು "ಶಿಕಮೂ" ಎಂದು ನಮಸ್ಕರಿಸಿದರೆ "ಮರಹಬಾ" ಎಂದು ಉತ್ತರಿಸುತ್ತಲೇ ಯಾರ ಬುಟ್ಟಿ ಎಲ್ಲಿಗೆ ಎಂದು ಕೈ ತೋರಿಸುತ್ತಾರೆ. ಬಸುರಿಗೆ ಅಂಚಿನ ಜಾಗ, ಬಗ್ಗುವ ದೂರ ಕಡಿಮೆಯಾಗಲಿ ಎಂದು. ಒಬ್ಬಳೇ ಇರುವ ಮುದುಕಿಗೆ ಬಿಸಿಲು ಮೊದಲು ಬೀಳುವ ಜಾಗ. ಇದನ್ನೆಲ್ಲ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಅವರೂ ಯಾರಿಗೂ ಹೇಳುವುದಿಲ್ಲ. ಸುಮ್ಮನೆ ಕೈ ತೋರಿಸುತ್ತಾರೆ, ಅಷ್ಟೆ.

ಕೊನೆಗೆ ಬರುವವರು ಅವರ ನಾದಿನಿ ಟೀಮೆ.

"ಇಷ್ಟು ಬೇಗ ಬಂದ್ಯಲ್ಲ ಅತ್ತಿಗೆ, ಕಣದಲ್ಲಿ ಗಂಡ ಕಾಯ್ತಿದ್ನಾ?"

"ನಿನ್ನಣ್ಣ ಬದುಕಿದ್ದಾಗ್ಲೇ ಒಂದು ದಿನ ಹೊತ್ತಿಗೆ ಸರಿಯಾಗಿ ಬಂದೋನಲ್ಲ. ಈಗ ಬರ್ತಾನಾ? ಬುಟ್ಟಿ ಇಳಿಸು, ಬಿಸಿಲು ನಿನಗೋಸ್ಕರ ನಿಲ್ಲಲ್ಲ."

ಬಿ ಮೀಜೆಗೆ ಅರವತ್ತೇಳು ವರ್ಷ. ಕಣದ ಉದ್ದ ಮೂವತ್ತನಾಲ್ಕು ಹೆಜ್ಜೆ, ಅಗಲ ಹದಿನೆಂಟು. ಹವಳದ ಕಲ್ಲನ್ನು ಸುಟ್ಟ ಸುಣ್ಣದಿಂದ ಮಾಡಿದ ಗಾರೆ ನೆಲ. ಸುಗ್ಗಿಯ ಮೂರು ತಿಂಗಳು ನಲವತ್ತು ಮನೆಗಳ ಲವಂಗ ಇಲ್ಲಿ ಒಣಗುತ್ತದೆ. ಒಮ್ಮೆ ಹರಡಿದ ಮೇಲೆ ಗಂಟೆಗೊಮ್ಮೆ ಮಗುಚಬೇಕು, ಅದೂ ಕೈಯಿಂದಲ್ಲ, ಕಾಲಿನಿಂದ. ಪಾದ ಎತ್ತದೆ, ನೇಗಿಲಿನಂತೆ ಸಾಲು ಬಿಡುತ್ತ ನಡೆಯಬೇಕು. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಒಂಬತ್ತು ಬಾರಿ. ಮೂರು ಅಳತೆ ಹಸಿ ಮೊಗ್ಗು ನಾಲ್ಕು ದಿನದಲ್ಲಿ ಒಂದು ಅಳತೆ ಒಣ ಲವಂಗವಾಗುತ್ತದೆ. ಬೆರಳಲ್ಲಿ ಹಿಡಿದು ಮುರಿದರೆ ಚಟ್ಟೆನ್ನಬೇಕು. ಬಾಗಿದರೆ ಇನ್ನೊಂದು ದಿನ.

ಅವರ ಅಂಗಾಲು ಲವಂಗದ ಎಣ್ಣೆ ಕುಡಿದು ಕಂದು ತಿರುಗಿದೆ, ಬಿರುಕುಗಳಲ್ಲಿ ಕಪ್ಪು ಗೆರೆ. ಈ ಕೆಲಸಕ್ಕೆ ಸಂಬಳವಿಲ್ಲ. ಒಣಗಿಸಿಕೊಂಡವರು ಒಂದೊಂದು ಹಿಡಿ ಕೊಟ್ಟು ಹೋಗುತ್ತಾರೆ. ಹಿಡಿ ಚಿಕ್ಕದಾಗಿದ್ದರೂ ಅವರು ಮಾತಾಡುವುದಿಲ್ಲ. ಇದಕ್ಕೆ ಮೊದಲು ಈ ಪೊರಕೆ ಅವರ ತಾಯಿಯ ಕೈಯಲ್ಲಿತ್ತು, ಅದಕ್ಕೂ ಮೊದಲು ಅಜ್ಜಿಯ ಕೈಯಲ್ಲಿ. ಗಂಡ ಸುಗ್ಗಿಯಲ್ಲೇ ಲವಂಗದ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮೂರು ವರ್ಷ ಹಾಸಿಗೆ ಹಿಡಿದಿದ್ದ. ಆ ಮೂರು ವರ್ಷ ಬಿ ಮೀಜೆ ತಾವೇ ಮರ ಹತ್ತಿದರು, ಹೆಂಗಸರು ಹತ್ತುವ ರೂಢಿಯಿಲ್ಲದ ಎತ್ತರಕ್ಕೆ. ನಾಲ್ಕು ಮಕ್ಕಳನ್ನು ಸಾಕಿದ್ದು ಹಾಗೆ. "ಮೇಲಿಂದ ಸಮುದ್ರ ಕಾಣ್ಸುತ್ತೆ. ಗಂಡಸರು ಅದನ್ನ ನಮಗೆ ಹೇಳೇ ಇರ್ಲಿಲ್ಲ," ಎಂದು ನಗುತ್ತಾರೆ.

ಕಣ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದರೆ ಅವರು ಡಾಂಬರು ರಸ್ತೆಯ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ. ಪಕ್ಕದ ಹಳ್ಳಿಗಳಲ್ಲಿ ಕಣ ಒಡೆದುಹೋಗಿ ಜನ ರಸ್ತೆಯ ಅಂಚಿನಲ್ಲಿ ಒಣಗಿಸುತ್ತಾರೆ. ಧೂಳು, ಲಾರಿಯ ಎಣ್ಣೆ, ಆಡಿನ ಹಿಕ್ಕೆ. ಖರೀದಿ ಕೇಂದ್ರದವರು ಮೂಸಿ ನೋಡಿಯೇ ಮೂರನೆಯ ದರ್ಜೆಗೆ ತಳ್ಳುತ್ತಾರೆ. ಮಣ್ಣಿನ ಮೇಲೆ ಚಾಪೆ ಹಾಸಿದರೆ ತೇವ ಕೆಳಗಿನಿಂದ ಏರಿ ಮೊಗ್ಗು ಬಿಳಿಚಿ ಸುಕ್ಕಾಗುತ್ತದೆ. ಮ್ವೆಂಬೆನಿಯ ಲವಂಗ ಮೊದಲ ದರ್ಜೆಯಲ್ಲಿ ಹೋಗುವುದು ಈ ನೆಲದಿಂದ. ಮಕ್ಕಳ ಶಾಲೆ, ಔಷಧಿ, ಮದುವೆ, ಎಲ್ಲವೂ ಈ ಮೂವತ್ತನಾಲ್ಕು ಹೆಜ್ಜೆಯ ಮೇಲಿಂದಲೇ ನಡೆದು ಬಂದಿವೆ.

ಕಳೆದ ವರ್ಷ ಈ ನೆಲವನ್ನು ಅವರಿಂದ ಕಿತ್ತುಕೊಳ್ಳುವುದಕ್ಕೆ ಯಾರೋ ಕೆಟ್ಟವರೇನೂ ಬರಲಿಲ್ಲ. ಬಂದವರು ಒಳ್ಳೆಯವರು, ಕ್ಷಮೆ ಕೇಳಲು ಬಂದವರು.

ಸಮುದ್ರದಾಚೆ, ಇಂಗ್ಲೆಂಡಿನ ಒಂದು ಬಂದರು ನಗರದಲ್ಲಿ ಥಾರ್ನ್‌ವಿಕ್ ಎಂಬ ದತ್ತಿ ಸಂಸ್ಥೆಯಿದೆ. ನೂರಿಪ್ಪತ್ತು ವರ್ಷಗಳಿಂದ ಕುರುಡು ಮಕ್ಕಳಿಗೆ ಶಾಲೆ, ಬಡವರಿಗೆ ಆಸ್ಪತ್ರೆ ನಡೆಸುತ್ತ ಬಂದಿದೆ. ಅದನ್ನು ಕಟ್ಟಿದ ಥಾರ್ನ್‌ವಿಕ್ ಲವಂಗದ ವ್ಯಾಪಾರಿ. ಅವರದೇ ಗ್ರಂಥಾಲಯದ ಹಳೆಯ ಲೆಕ್ಕದ ಪುಸ್ತಕವೊಂದನ್ನು ಯಾರೋ ಬಿಡಿಸಿ ನೋಡಿದಾಗ, ಮ್ವೆಂಬೆನಿಯ ತೋಟದಲ್ಲಿ ಅರಬ್ ಒಡೆಯನ ಜೊತೆ ಅವನಿಗೂ ಪಾಲಿತ್ತೆಂದು ತಿಳಿಯಿತು. ಲವಂಗ ಎಷ್ಟು, ಹಡಗು ಯಾವುದು ಎಂದೆಲ್ಲ ಬರೆದಿದ್ದ ಪುಸ್ತಕದಲ್ಲಿ ಅದನ್ನು ಕಿತ್ತ ಗುಲಾಮರ ಬಗ್ಗೆ ಒಂದೇ ಸಾಲು: ಅರವತ್ತೆರಡು ತಲೆ. ತೋಟಕ್ಕೆ ಬಡ್ಡಿಗೆ ದುಡ್ಡು ಕೊಟ್ಟ ಕಚ್ಛ್‌ನ ಸಾಹುಕಾರನೊಬ್ಬನ ಹೆಸರೂ ಅದರಲ್ಲಿದೆ. ಬಿ ಮೀಜೆ ಅದನ್ನು, ಅವರ ಬಗ್ಗೆ ಬರೆಯಲು ಹೋಗಿದ್ದ ನನಗೆ ಹೇಳಿದ್ದು ಚಹಾಕ್ಕೆ ಶುಂಠಿ ಜಜ್ಜುತ್ತ. "ನಿಮ್ಮ ದೇಶದೋರೂ ಇದ್ರು, ಗೊತ್ತಲ್ಲ?" ಗೊತ್ತು ಎಂದೆ. "ಸರಿ, ಕುಡೀರಿ," ಎಂದು ಲೋಟ ಕೊಟ್ಟರು.

ಸಂಸ್ಥೆಯ ಪರವಾಗಿ ಬಂದ ಹೆಣ್ಣುಮಗಳ ಹೆಸರು ಪ್ರಿಸಿಲ್ಲಾ. ಮೂವತ್ತರ ಆಸುಪಾಸು. ಊರಿನ ಮಾವಿನ ಮರದ ಕೆಳಗೆ ಸಭೆ ಸೇರಿತು. ಶಾಲೆಯ ಮೇಷ್ಟ್ರು ಶಾಮೆ ಅವಳ ಮಾತನ್ನು ಸ್ವಾಹಿಲಿಗೆ ತಿರುಗಿಸಿ ಹೇಳುತ್ತಿದ್ದರು. ಅವಳು ಕ್ಷಮೆ ಕೇಳಿದಳು, ಕಣ್ಣೀರು ಹಾಕಿದಳು. ಆಮೇಲೆ, ಗುಲಾಮರ ವಂಶದವರು ಯಾರಿದ್ದೀರಿ, ದಯವಿಟ್ಟು ಕೈ ಎತ್ತಿ ಎಂದಳು. ಅಂಥವರ ಮಕ್ಕಳಿಗೆ ಓದಿನ ನೆರವು ಸಿಗುತ್ತದೆ, ಮುಂದಿನ ಕೆಲಸವೆಲ್ಲ ಅವರು ಹೇಳಿದಂತೆ ಎಂದಳು.

ಒಂದು ಕೈಯೂ ಮೇಲೇಳಲಿಲ್ಲ.

ಏಳುವುದಾದರೂ ಹೇಗೆ? ಈ ದ್ವೀಪದಲ್ಲಿ ಗುಲಾಮ ಎನ್ನುವುದು ಬೈಗುಳ. ಆ ಮಾತಿಗೆ ಮದುವೆಗಳು ಮುರಿದಿವೆ, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಯಾರನ್ನು ಕೇಳಿದರೂ ಅವರ ಹಿರಿಯರು ಪರ್ಷಿಯಾದ ಶಿರಾಜ್‌ನಿಂದ ಹಡಗಿನಲ್ಲಿ ಬಂದವರು. ಊರಿನ ಮುಖ್ಯಸ್ಥ ಶೆಹಾ ಮಕಾಮೆ ಎದ್ದು ಗಂಟಲು ಸರಿಮಾಡಿಕೊಂಡು, "ತಾಯೀ, ನಮ್ಮೂರಲ್ಲಿ ಅಂಥೋರು ಯಾರೂ ಇಲ್ಲ. ಇದ್ದೋರೆಲ್ಲ ಎಲ್ಲೆಲ್ಲಿಗೋ ಹೋದ್ರು," ಎಂದುಬಿಟ್ಟರು. ಎಲ್ಲರೂ ತಲೆಯಾಡಿಸಿದರು. ಅವತ್ತು ಬಿ ಮೀಜೆಯೂ ಕಾಂಗಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೂತಿದ್ದರು. ಅದನ್ನು ಅವರು ಮುಚ್ಚಿಡುವುದಿಲ್ಲ. "ನಾನೂ ತಲೆ ಆಡಿಸ್ದೆ. ಬರ್ಕೊಳಿ," ಎನ್ನುತ್ತಾರೆ.

ಆ ತಲೆಯಾಡಿಸುವಿಕೆಗೆ ತೆತ್ತ ಬೆಲೆ ಎರಡು ತಿಂಗಳ ನಂತರ ತಿಳಿಯಿತು. ವಂಶಸ್ಥರು ಯಾರೂ ಉಳಿದಿಲ್ಲ ಎಂದು ಸಂಸ್ಥೆಯ ಕಡತ ಸೇರಿತು. ವಂಶಸ್ಥರಿಲ್ಲದ ಮೇಲೆ ಉಳಿದಿದ್ದು ಆ ಗುಲಾಮರು ಕಟ್ಟಿದ ಕಣ. ಅದನ್ನು ಸ್ಮಾರಕ ಮಾಡುವುದೆಂದು ತೀರ್ಮಾನವಾಯಿತು. ಸುತ್ತ ಕಬ್ಬಿಣದ ಬೇಲಿ, ಮೇಲೆ ಗಾಜಿನ ಮಾಡು, ಮುಂದೆ ಟಿಕೆಟ್ಟಿನ ಕಿಂಡಿ. ಪವಿತ್ರ ನೆಲವಾದ್ದರಿಂದ ಅದರ ಮೇಲೆ ಯಾರೂ ನಡೆಯುವಂತಿಲ್ಲ, ಏನನ್ನೂ ಹರಡುವಂತಿಲ್ಲ. ಕಣವನ್ನು ಚೆನ್ನಾಗಿ ಬಲ್ಲವರೆಂದು ಬಿ ಮೀಜೆಗೆ ಕಾವಲಿನ ಕೆಲಸ, ತಿಂಗಳ ಸಂಬಳ, ಕೂರಲು ಕುರ್ಚಿ.

"ನೀಲಿ ಅಂಗಿ ಕೊಡ್ತಾರಂತೆ, ಅತ್ತಿಗೆ," ಎಂದು ಟೀಮೆ ಛೇಡಿಸಿದಳಂತೆ. "ಟೋಪಿನೂ ಇರುತ್ತಂತೆ."

"ಟೋಪಿ ಹಾಕ್ಕೊಂಡು ನಿನ್ನನ್ನ ಒಳಗೆ ಬಿಡ್ದೆ ಇರೋದು ನನ್ನ ಕೆಲ್ಸ. ಲವಂಗ ತಗೊಂಡು ರಸ್ತೆಗೆ ಹೋಗು ಅಂತ ನಿಂಗೆ ಹೇಳ್ಬೇಕು. ಹೇಳ್ಲಾ?"



ಬೇಲಿಯ ಎಂಟು ಕಂಬಗಳನ್ನು ನೆಟ್ಟಾಗಿತ್ತು. ಕಣದ ಆಚೆ ತುದಿಯಲ್ಲಿ ನಿಲ್ಲಿಸಿದ ಸ್ಮಾರಕದ ಫಲಕಕ್ಕೆ ಬಟ್ಟೆ ಮುಚ್ಚಿತ್ತು. ಅದನ್ನು ಸರಿಸಲು ಪ್ರಿಸಿಲ್ಲಾ ಮತ್ತೆ ಬರುವ ದಿನ ಸುಗ್ಗಿಯ ನಡುವೆ ಬಿತ್ತು. ಅಂದು ಬೆಳಿಗ್ಗೆ ಬಿ ಮೀಜೆ ಎಂದಿನಂತೆ ಗುಡಿಸಿ, ಕೆನ್ನೆ ತಾಗಿಸಿ ನೋಡಿ, ಮನೆ ಮನೆಗೆ ಹೋಗಿ ಬಾಗಿಲು ತಟ್ಟಿದರು. "ಬುಟ್ಟಿ ತಗೊಂಡ್ ಬನ್ನಿ. ಇವತ್ತು ಒಣಗಿಸೋ ದಿನ," ಎಂದರು. ಅತಿಥಿಗಳು ಬರುವಾಗ ಕಣದ ತುಂಬ ಹಸಿರು, ಕೆಂಪು ಮೊಗ್ಗು ಹರಡಿತ್ತು. ಫಲಕದವರೆಗೆ ಹೋಗಲು ಕಾಲಿಡುವಷ್ಟೂ ಜಾಗವಿರಲಿಲ್ಲ.

ಶೆಹಾ ಮಕಾಮೆ ಸಿಟ್ಟಾದರು. "ಇವತ್ತೊಂದಿನ ತೆಗೀರಿ ಅಂದಿದ್ನಲ್ಲ?"

ಬಿ ಮೀಜೆ ಕಣದ ನಡುವೆ, ಮೊಗ್ಗುಗಳ ಮಧ್ಯೆ ಸಾಲು ಬಿಡುತ್ತಿದ್ದವರು ಅಲ್ಲೇ ನಿಂತರು. ನಾನು ಆ ದಿನ ಅಲ್ಲಿದ್ದೆ. ಅವರ ದನಿ ಏರಲಿಲ್ಲ, ಆದರೆ ಕೊನೆಯ ಸಾಲಿನವರಿಗೂ ಕೇಳಿಸಿತು.

"ಮೇಷ್ಟ್ರೇ, ಆ ಹುಡುಗಿಗೆ ಹೇಳಿ. ಗುಲಾಮರ ಮಕ್ಕಳು ಯಾರು ಅಂತ ಅವತ್ತು ಕೇಳಿದ್ಲಲ್ಲ, ನಾನು. ನನ್ನಮ್ಮನ ಅಮ್ಮನ ಅಮ್ಮ ಮರ್ಜಾನಿ. ಅಪ್ಪನ ಹೆಸರಿಲ್ಲ, ಯಾಕಂದ್ರೆ ಅವಳನ್ನ ಅಪ್ಪನ ಕೈಯಿಂದ ಕದ್ದು ತಂದಿದ್ರು."

ಮೇಷ್ಟ್ರು ಬಾಯಿ ತೆರೆದರು, ತಿರುಗಿಸಿ ಹೇಳಲಿಲ್ಲ. ಶೆಹಾ ಎದ್ದು ನಿಂತರು.

"ಬಿ ಮೀಜೆ, ಸಾಕು. ಬಂದೋರ ಮುಂದೆ ಊರಿನ ಮಾನ ತೆಗೀಬೇಡ."

"ಕದ್ದೋನ ಮಾನ ಹೋಗ್ಬೇಕು ಶೆಹಾ. ಕಳುವಾದೋಳ ಮಾನ ಯಾಕೆ ಹೋಗುತ್ತೆ?"

"ನಮ್ಮ ಹಿರೀಕರು ಶಿರಾಜ್‌ನಿಂದ..."

"ಊರಿಗೆ ಊರೇ ಶಿರಾಜ್‌ನಿಂದ ಬಂದಿದ್ರೆ ಲವಂಗ ಕಿತ್ತೋರು ಯಾರು? ಕಾಗೆಗಳಾ?"

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮೇಷ್ಟ್ರು ಈಗ ಎಲ್ಲವನ್ನೂ ತಿರುಗಿಸಿ ಹೇಳಿದರು, ಕಾಗೆಯನ್ನೂ ಬಿಡಲಿಲ್ಲ. ಪ್ರಿಸಿಲ್ಲಾಳ ಮುಖ ಬಿಳಿಚಿತು. ಅವಳು ಕೈಚೀಲದಿಂದ ಒಂದು ಕಾಗದ ತೆಗೆದು ಮೆಲ್ಲಗೆ ಕೇಳಿದಳು: ವಂಶಸ್ಥರೆನ್ನುವುದಕ್ಕೆ ಏನಾದರೂ ದಾಖಲೆ ಇದೆಯೇ? ಸಂಸ್ಥೆಯವರು ಕೇಳುತ್ತಾರೆ.

"ದುಡ್ಡು ನಿಮ್ಮ ಹತ್ರ ಹೋಗಿದ್ದಕ್ಕೆ ದಾಖಲೆ ನಿಮ್ಮ ಹತ್ರಾನೇ ಇದೆ," ಎಂದರು ಬಿ ಮೀಜೆ. "ನಮ್ಮ ದಾಖಲೆ ಬೇಕಾ? ಅದರ ಅಂಚಲ್ಲೇ ನಿಂತಿದ್ದೀಯ. ಅದು ಫೆರುಜಿ. ಅದರಾಚೆಯದು ಅಲ್ಮಾಸಿ. ಇದು, ನಾನು ನಿಂತಿರೋದು, ಮರ್ಜಾನಿ."

ಕಣದ ಗಾರೆಯಲ್ಲಿ ಎರಡೆರಡು ಹೆಜ್ಜೆಗೊಂದು ಸಣ್ಣ ಗೆರೆಯಿದೆ, ಒಟ್ಟು ಹದಿನೇಳು ಪಟ್ಟಿ. ಪ್ರತಿ ಪಟ್ಟಿಗೂ ಒಂದು ಹೆಸರಿದೆ, ವಜ್ರ, ಹವಳ ಎಂಬಂಥ ರತ್ನದ ಹೆಸರು. ಊರಿನ ಪ್ರತಿ ಹೆಂಗಸೂ ಹುಟ್ಟಿದಾಗಿನಿಂದ "ನನ್ನದನ್ನ ಫೆರುಜಿಗೆ ಹಾಕಿದೀನಿ", "ಜೊಹಾರಿ ಇನ್ನೂ ಒಣಗಿಲ್ಲ" ಎನ್ನುತ್ತ ಬೆಳೆದವಳು. ಅವು ಜಾಗದ ಹೆಸರುಗಳೆಂದೇ ಎಲ್ಲರ ತಿಳಿವಳಿಕೆ. ಯಾವ ಪಟ್ಟಿಯನ್ನು ಯಾವ ಹೆಂಗಸು ಮರದ ಕೊಡತಿಯಿಂದ ಬಡಿದು ನುಣುಪು ಮಾಡಿದಳೋ ಆ ಪಟ್ಟಿಗೆ ಅವಳ ಹೆಸರು ಎಂಬುದು ಕಣ ಗುಡಿಸುವವರಿಗೆ ಮಾತ್ರ ಗೊತ್ತಿತ್ತು. ಅದನ್ನು ತಾಯಿ ಮಗಳಿಗೆ ಹೇಳಿ, ಹೊರಗೆ ಆಡಬೇಡ ಎಂದು ಆಣೆ ಹಾಕಿಸುತ್ತಿದ್ದಳು. ಬಿ ಮೀಜೆ ಆ ಆಣೆಯನ್ನು ಅಂದು ಮುರಿದರು. ಹದಿನೇಳು ಹೆಸರನ್ನೂ ಹೇಳಿದರು, ಒಂದೊಂದು ಪಟ್ಟಿಯ ಮೇಲೂ ನಡೆದು.

ಹೆಂಗಸರು ತಾವು ನಿಂತ ಜಾಗವನ್ನು ನೋಡಿಕೊಳ್ಳುತ್ತಿದ್ದರು. ಮೊದಲು ಬಾಯಿಬಿಟ್ಟವಳು ಟೀಮೆ.

"ಫೆರುಜಿ ನಮ್ಮಜ್ಜಿಯ ಅಮ್ಮನ ಹೆಸರು. ಕಲ್ಲಿನ ಹೆಸರಿನ ಅಜ್ಜಿ ಅಂತಿದ್ರು." ಬಿ ಮೀಜೆಯ ಕಡೆ ತಿರುಗಿದಳು. "ಹಂಗಾದ್ರೆ ನಮ್ಮಣ್ಣನೂ... ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಗೊತ್ತಿದ್ದೇ ಮದ್ವೆ ಆಗಿದ್ದು."

ಆಮೇಲೆ ಐವರು ಹೆಂಗಸರು ಮತ್ತು ಒಬ್ಬ ಮುದುಕ ಎದ್ದು ಬಂದು ತಮ್ಮ ತಮ್ಮ ಪಟ್ಟಿಯ ಅಂಚಿಗೆ ನಿಂತರು. ಎಲ್ಲರೂ ಬರಲಿಲ್ಲ. ಕೆಲವರು ಮನೆಗೆ ಹೋದರು. ಎರಡು ಮನೆಯವರು ಇವತ್ತಿಗೂ ಬಿ ಮೀಜೆಯೊಂದಿಗೆ ಮಾತಾಡುವುದಿಲ್ಲ. ಆ ಮನೆಗಳ ಬುಟ್ಟಿಗೂ ಅವರು ಬಿಸಿಲಿರುವ ಜಾಗವನ್ನೇ ಬಿಡುತ್ತಾರೆ.

ಆ ಹೊತ್ತಿಗೆ ಮಳೆ ಬಂತು. ಇಲ್ಲಿಯ ಸುಗ್ಗಿಯ ಮಳೆ ಹೇಳಿ ಕೇಳಿ ಬರುವುದಿಲ್ಲ. ಮಾನ, ಶಿರಾಜ್, ಫಲಕ ಎಲ್ಲವನ್ನೂ ಬಿಟ್ಟು ಜನ ಓಡಿದರು. ಶೆಹಾ ಮಕಾಮೆಯೂ ಬಿಳಿಯ ಕಂಜು ನಿಲುವಂಗಿಯನ್ನು ಮಡಚಿ ಹಲಗೆಯಿಂದ ಮೊಗ್ಗು ತಳ್ಳತೊಡಗಿದರು. ಪ್ರಿಸಿಲ್ಲಾ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಬಿ ಮೀಜೆ ಅವಳ ತೋಳು ಹಿಡಿದರು. "ಬೂಟು ಬಿಚ್ಚು, ಮಗಳೇ. ಬೂಟಲ್ಲಿ ತುಳಿದ್ರೆ ಮೊಗ್ಗಿನ ತಲೆ ಉದುರುತ್ತೆ." ಆ ಮಾತನ್ನು ಯಾರೂ ತಿರುಗಿಸಿ ಹೇಳಲಿಲ್ಲ. ಅವಳಿಗೆ ಅರ್ಥವಾಯಿತು. ಬೂಟು ಬಿಚ್ಚಿ, ಮಂಡಿಯೂರಿ, ಎರಡೂ ಕೈಯಿಂದ ಬಾಚಿ ಬಾಚಿ ರಾಶಿಗೆ ಸೇರಿಸಿದಳು. ಒಂದು ಬುಟ್ಟಿಯಷ್ಟು ನೆನೆಯಿತು, ಉಳಿದದ್ದು ಉಳಿಯಿತು.

ಮಳೆ ನಿಂತ ಮೇಲೆ ಬಿ ಮೀಜೆಯ ಮನೆಯ ಜಗಲಿಯಲ್ಲಿ ಬೇಯಿಸಿದ ಮರಗೆಣಸು, ಒಣಮೀನು, ಶುಂಠಿ ಚಹಾ. ತಮ್ಮ ಒಣಗಿದ ಕಾಂಗಾವೊಂದನ್ನು ಅವರು ಅವಳ ಹೆಗಲಿಗೆ ಹೊದಿಸಿದ್ದರು. ಅವಳು ಮೇಷ್ಟ್ರ ಮೂಲಕ ಕೇಳಿದಳು: ಹಾಗಾದರೆ ನಾವು ಏನು ಮಾಡಬೇಕು, ನೀವೇ ಹೇಳಿ.

"ಬೇಲಿ ಬೇಡ. ಗಾಜೂ ಬೇಡ. ಇಲ್ಲಿ ಏನಾಯ್ತು ಅಂತ ಇಲ್ಲಿರೋರಿಗೆ ಗೊತ್ತು, ನಾಚ್ಕೊಂಡು ಹೇಳ್ತಿರ್ಲಿಲ್ಲ ಅಷ್ಟೆ. ಗೊತ್ತಿಲ್ದೆ ಇರೋದು ನಿಮ್ಮೂರಲ್ಲಿ. ಆ ಫಲಕ ತಗೊಂಡ್ ಹೋಗಿ ನಿಮ್ಮ ಸಂಸ್ಥೆಯ ಬಾಗಿಲಿಗೆ ಹಾಕಿ. ಈ ಹದಿನೇಳು ಹೆಸರು ಬರೀರಿ. ಅರವತ್ತೆರಡರಲ್ಲಿ ಮಿಕ್ಕೋರ ಹೆಸರು ಗೊತ್ತಿಲ್ಲ ಅಂತಲೂ ಬರೀರಿ. ನಿಮ್ಮ ಆಸ್ಪತ್ರೆಗೆ, ಶಾಲೆಗೆ ಬರೋ ಜನ ದಿನಾ ಓದ್ಲಿ, ಇದು ಯಾರ ದುಡಿಮೆ ಅಂತ."

ಪ್ರಿಸಿಲ್ಲಾ ಬರೆದುಕೊಂಡಳು. ಹೊರಡುವಾಗ ಕಂಬಗಳನ್ನು ಕೀಳಿಸಲೇ ಎಂದು ಕೇಳಿದಳು. ಟೀಮೆ ಬೇಡ ಎಂದಳು. "ಇರ್ಲಿ ಬಿಡು. ತಾಡಪಾಲು ಕಟ್ಟೋಕೆ ಬರುತ್ತೆ."

ಈಗ ಆ ಎಂಟು ಕಂಬಗಳಿಗೆ ಹಗ್ಗ ಬಿಗಿದಿದೆ. ಮಳೆ ಬಂದರೆ ನಾಲ್ವರು ಹೆಂಗಸರು ತಾಡಪಾಲು ಎಳೆದು ಕಣದ ಅರ್ಧಭಾಗವನ್ನು ಮುಚ್ಚಬಲ್ಲರು. ಕಳೆದ ತಿಂಗಳು ಸಂಸ್ಥೆಯಿಂದ ಕಾಗದ ಬಂತು. ಮೇಷ್ಟ್ರು ಕಣದ ಅಂಚಿನಲ್ಲಿ ನಿಂತು ಓದಿದರು. ಬೇಲಿಯ ಯೋಜನೆ ಕೈಬಿಡಲಾಗಿದೆ. ಕಣ ಊರಿನದೇ. ಅಲ್ಲಲ್ಲಿ ಬಿರುಕು ಬಿಟ್ಟ ಗಾರೆಯ ದುರಸ್ತಿಗೆ ಸಂಸ್ಥೆ ಹಣ ಕೊಡುತ್ತದೆ. ಬಾಗಿಲಿನ ಹೆಸರುಗಳ ವಿಚಾರದಲ್ಲಿ ಮಾತ್ರ ಟ್ರಸ್ಟಿಗಳಲ್ಲಿ ಒಮ್ಮತವಿಲ್ಲ. ಅದು ಸಂಸ್ಥಾಪಕರಿಗೆ ಅವಮಾನವಾದೀತು ಎಂದು ಕೆಲವರ ಅಭಿಪ್ರಾಯ. ಪ್ರಿಸಿಲ್ಲಾ ಕೆಳಗೆ ತನ್ನ ಕೈಯಿಂದಲೇ ಒಂದು ಸಾಲು ಸೇರಿಸಿದ್ದಳು: ನಾನು ಬಿಟ್ಟಿಲ್ಲ.

ಬಿ ಮೀಜೆ ಆ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಉತ್ತರ ಬರೆಸಿದರು. ಹೆಸರು ಹಾಕುವವರೆಗೆ ದುರಸ್ತಿಯ ಹಣ ಬೇಡ, ಹುಡುಗಿಗೆ ನಮ್ಮ ಸಲಾಮು.

ದುರಸ್ತಿ ಕಾಯುವಂಥದ್ದಲ್ಲ. ಮುಂದಿನ ವಾರವೇ ಹೆಂಗಸರು ತೀರದಿಂದ ಹವಳದ ಕಲ್ಲು ಹೊತ್ತು ತಂದು, ತೆಂಗಿನ ಮಟ್ಟೆಯ ಗೂಡು ಕಟ್ಟಿ ಸುಟ್ಟು, ಸುಣ್ಣ ಅರಳಿಸಿದರು. ಎರಡು ದಿನ ಹನ್ನೊಂದು ಜನ ಸಾಲಾಗಿ ಕೂತು ಕೊಡತಿಯಿಂದ ಬಡಿದರು. ನಾನು ನೋಡಲು ಹೋದಾಗ ಬಿ ಮೀಜೆಯ ರೆಪ್ಪೆಯವರೆಗೆ ಸುಣ್ಣದ ಪುಡಿ. ಪಕ್ಕದಲ್ಲಿ ಕೂತು ಬಡಿಯುತ್ತಿದ್ದವಳು ಅವರೊಡನೆ ಮಾತು ಬಿಟ್ಟ ಮನೆಯ ಸೊಸೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಆದರೆ ಸೊಸೆಯ ಕೈ ಸೋತಾಗಲೆಲ್ಲ ಬಿ ಮೀಜೆಯ ಕೊಡತಿಯೂ ನಿಲ್ಲುತ್ತಿತ್ತು, ಏನೋ ನೆನಪಾದಂತೆ.

ಟ್ರಸ್ಟಿಗಳು ಒಪ್ಪದಿದ್ದರೆ ಎಂದು ಕೇಳಿದೆ.

"ಒಪ್ಪದೇ ಇರ್ಲಿ. ನಾನು ಪ್ರತಿ ಸುಗ್ಗಿಗೂ ಒಂದು ಕಾಗದ ಬರೆಸ್ತೀನಿ. ನಾನು ಹೋದ್ಮೇಲೆ ಟೀಮೆ ಬರೆಸ್ತಾಳೆ, ಅವಳ ಬಾಯಿ ನನ್ನದಕ್ಕಿಂತ ದೊಡ್ಡದು. ನಮಗೇನು ಅವಸರ?" ಕೊಡತಿಯನ್ನು ಕೆಳಗಿಟ್ಟು ಬೆರಳು ಬಿಡಿಸಿಕೊಂಡರು. "ಒಂದೇ ಆಸೆ. ಬರೆಯೋ ದಿನ ಬಂದ್ರೆ ತುಂಬ ಮೇಲೆ ಬರೀಬಾರ್ದು, ತಲೆ ಎತ್ತಿ ನೋಡೋಕೆ ಅವರೇನು ದೇವ್ರಲ್ಲ. ಕೆಳಗೂ ಬರೀಬಾರ್ದು, ಕಂಡೋರ ಕಾಲು ತಾಗುತ್ತೆ. ಎದುರಿಗೆ ನಿಂತು ಮಾತಾಡ್ತಿರೋ ಮನುಷ್ಯರ ಕಣ್ಣು ಎಷ್ಟೆತ್ತರಕ್ಕಿರುತ್ತೆ, ಅಲ್ಲಿಗೆ ಬರೀಲಿ."